ಗೂಡ್ಸ್ ಗಾಡಿಯ ಬೆನ್ನು ಹತ್ತಿ

ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂತಲ್ಲ, ಆ ಹೊತ್ತಿನ ಫೋಟೊಗಳಿಗೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಬರವೇನಿಲ್ಲ. ಬಾಳೆಕಂಬ ಕಟ್ಟಿದ ಇಂಜಿನ್, ಅದರ ಮೂತಿಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಮುಂದೆ ಸಾಲಾಗಿ ನಿಂತ ಮುಖಂಡರು. ಅಂಥವನ್ನು ನಾನೂ ತೆಗೆದಿದ್ದೇನೆ, ರೊಕ್ಕ ಇಸಿದುಕೊಂಡೇ ತೆಗೆದಿದ್ದೇನೆ. ಆದರೆ ಇಂಡಿ ರೋಡ್ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಬೆನ್ನ ಮೇಲೆ ಕ್ವಿಂಟಲ್ ಜೋಳ ಹೊತ್ತು ಹಲಗೆ ಏರುವ ಹಮಾಲನ ಫೋಟೊ ಯಾರ ಮನೆಯಲ್ಲಾದರೂ ಇದೆಯೇ ಕೇಳಿ. ವ್ಯಾಗನ್ನಿನ ಬಾಗಿಲಿಗೆ ಸೀಲು ಒತ್ತುವ ಕೈ? ಬಿಲ್ಟಿ ಬರೆಯುವ ಗೂಡ್ಸ್ ಕ್ಲರ್ಕಿನ ಮೇಜು? ಗಾಡಿಯ ಕೊನೆಗೆ ಗಾರ್ಡನ ಡಬ್ಬಿಯಲ್ಲಿ ಒಲೆಯ ಮೇಲಿಟ್ಟ ಚಹಾದ ಪಾತ್ರೆ? ಹುಡುಕಿದರೂ ಸಿಗುವುದು ಕಷ್ಟ. ಮುಚ್ಚುವ ರೈಲಿನ ಫೋಟೊ ತೆಗೆಯುತ್ತೇನೆ ಅಂತ ಹೊರಟವರೆಲ್ಲ ಇಂಜಿನ್ನಿಗೇ ಮುಖ ಮಾಡಿ ನಿಲ್ಲುತ್ತಾರೆ. ಇಂಜಿನ್ ಎಲ್ಲಿಗೂ ಹೋಗುವುದಿಲ್ಲ, ಮ್ಯೂಸಿಯಂನಲ್ಲಿ ಬಣ್ಣ ಬಳಿದು ನಿಲ್ಲಿಸುತ್ತಾರೆ. ಹೋಗುವುದು ಅದರ ಹಿಂದಿನ ಕೆಲಸ.

ಇಂಡಿಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಈಗ ಅದೇ ಅಂಗಡಿಯಲ್ಲಿ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಲಗ್ನಸರಾಯಿ ಬಂತೆಂದರೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ನನ್ನ ತಿರುಗಾಟ. ಯಾಶಿಕಾ ಕ್ಯಾಮೆರಾ, 120ರ ರೋಲು. ಒಂದು ರೋಲಿಗೆ ಹನ್ನೆರಡೇ ಫ್ರೇಮು. ಅಕ್ಷತೆ ಬಿದ್ದು, ಬೀಗರು ಕುರ್ಚಿಯಲ್ಲಿ ಕೂತು ಎದ್ದ ಮೇಲೆ ಎರಡು-ಮೂರು ಫ್ರೇಮು ಉಳಿಯುತ್ತಿದ್ದವು. ಅವನ್ನು ಖಾಲಿ ತೊಳೆಯುವುದಕ್ಕೆ ಮನಸ್ಸಾಗದೆ ದಾರಿಯಲ್ಲಿ ಸಿಕ್ಕ ಸ್ಟೇಷನ್ನಿಗೆ ಹೊರಳುತ್ತಿದ್ದೆ. ಹಾಗಾಗಿ ನನ್ನ ನೆಗೆಟಿವ್ ಪಟ್ಟಿ ಬೆಳಕಿಗೆ ಹಿಡಿದರೆ ಮದುಮಗಳು, ಮದುಮಗಳ ಸೋದರಮಾವ, ಊಟದ ಪಂಕ್ತಿ, ಅದರ ಪಕ್ಕಕ್ಕೇ ಒಂದು ಮಾಲಿನ ಡಬ್ಬಿ. ಗಿರಾಕಿಗೆ ಆ ಕೊನೆಯ ಫ್ರೇಮಿನ ಬಿಲ್ ಹಾಕಿದವನಲ್ಲ, ಅಷ್ಟು ಹೇಳಿಬಿಡುತ್ತೇನೆ.

ಈ ದಾರಿ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಸೊಲ್ಲಾಪುರದ ಬಗಲಿನ ಹೋಟಗಿಯಿಂದ ಗದಗಿನವರೆಗೆ ಸುಮಾರು 284 ಕಿ.ಮೀ. ಭೀಮಾ ದಾಟಿದರೆ ಲಚ್ಯಾಣ, ಇಂಡಿ ರೋಡ್, ನಿಂಬಾಳ, ಮಿಂಚನಾಳ, ವಿಜಯಪುರ. ಅಲ್ಲಿಂದ ಕೆಳಗೆ ಮುಳವಾಡ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ. ಕೃಷ್ಣೆ ದಾಟಿದರೆ ಬಾಗಲಕೋಟೆ, ಬಾದಾಮಿ, ಹೊಳೆಆಲೂರು, ಗದಗ. ಇಂಡಿ ರೋಡಿನಲ್ಲಿ ಇಳಿದರೆ ಇಂಡಿ ಊರಿಲ್ಲ, ಬಾಗೇವಾಡಿ ರೋಡಿನಲ್ಲಿ ಇಳಿದರೆ ಬಸವಣ್ಣ ಹುಟ್ಟಿದ ಊರಿಲ್ಲ; ಆ ಸ್ಟೇಷನ್ ಇರುವುದು ತೆಲಗಿಯಲ್ಲಿ. ಎರಡೂ ಕಡೆ ಮುಂದಿನ ದಾರಿಗೆ ಟಾಂಗಾ, ಆಮೇಲೆ ಟೆಂಪೊ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಹಳಿಯೇ ಬರಲಿಲ್ಲ. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ ರೈಲು ಬೇಕು ಅಂತ ಮನವಿ ಕೊಟ್ಟವರ ಮಕ್ಕಳು ಈಗ ಮನವಿ ಕೊಡುತ್ತಿದ್ದಾರೆ. ಆದರೂ ಈ ಎರಡು ತಾಲೂಕುಗಳನ್ನು ಬಿಟ್ಟು ನಮ್ಮ ರೈಲಿನ ಕಥೆ ಹೇಳಲಾಗದು. ಸಿಂದಗಿ ಸೀಮೆಯ ತೊಗರಿ, ಹತ್ತಿ ಚಕ್ಕಡಿಯಲ್ಲಿ ರಾತ್ರಿಯೆಲ್ಲ ನಡೆದು ಬೆಳಗಿನ ಜಾವಕ್ಕೆ ಸ್ಟೇಷನ್ ಮುಟ್ಟುತ್ತಿದ್ದ ಕಾಲವನ್ನು ಹಿರಿಯರು ಹೇಳುತ್ತಿದ್ದರು. ಮುದ್ದೇಬಿಹಾಳದವರಿಗೆ ರೈಲು ಅಂದರೆ ಆಲಮಟ್ಟಿ.

ಈ ಹಳಿ ಹಾಕಿದ್ದು ಜನ ಓಡಾಡಲಿ ಅಂತಲ್ಲ, ಕಾಳು ಓಡಾಡಲಿ ಅಂತ. 1876ರಿಂದ 1878ರವರೆಗೆ, ಧಾತು-ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರಕ್ಕೆ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇವತ್ತಿನ ವಿಜಯಪುರ-ಬಾಗಲಕೋಟೆ ಸೀಮೆ, ತತ್ತರಿಸಿ ಹೋಯಿತು. ಬೇರೆ ಕಡೆ ಕಾಳಿತ್ತು, ಇಲ್ಲಿಗೆ ತರುವ ದಾರಿ ಇರಲಿಲ್ಲ. ಎತ್ತುಗಳ ಮೇಲೆ ಹೇರಿಕೊಂಡು ಬರೋಣವೆಂದರೆ ಎತ್ತಿಗೇ ಮೇವಿಲ್ಲ, ನೀರಿಲ್ಲ. 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು. ಬರ ಬೀಳುವ ನಾಡುಗಳಿಗೆ ರೈಲು ಹಾಕಬೇಕೆಂಬ ಮಾತಿಗೆ ಬಲ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದ ನಡುವಿನ ಹೊತ್ತಿಗೆ ಹೋಟಗಿ-ಗದಗ ಮಾರ್ಗದಲ್ಲಿ ಗಾಡಿ ಓಡಿತು. ಜಿಲ್ಲಾ ಕಚೇರಿ ಕಲಾದಗಿ ಬಿಟ್ಟು ರೈಲಿದ್ದ ವಿಜಯಪುರಕ್ಕೆ ಬಂದದ್ದೂ ಆಗಲೇ. ಮುಂದೆ ಕಂಪನಿಯ ಹೆಸರು ಮದ್ರಾಸಿನ ಜೊತೆ ಕೂಡಿ ಎಂ.ಎಸ್.ಎಂ. ಆಯಿತು, ಸ್ವಾತಂತ್ರ್ಯದ ಮೇಲೆ ದಕ್ಷಿಣ ರೈಲ್ವೆ, 1966ರ ನಂತರ ದಕ್ಷಿಣ ಮಧ್ಯ, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ನಮ್ಮ ಹಮಾಲರಿಗೆ ಇದೆಲ್ಲ ಒಂದೇ, ಸರಕಾರಿ ಗಾಡಿ.

ಖರ್ಚು ಉಳಿಸುವುದಕ್ಕೆ ಹಾಕಿದ್ದು ಮೀಟರ್‌ಗೇಜ್. ಹಳಿಯಿಂದ ಹಳಿಗೆ 1000 ಮಿ.ಮೀ. ಮುಂಬಯಿ-ರಾಯಚೂರು ದಾರಿಯದು ಬ್ರಾಡ್‌ಗೇಜ್, 1676 ಮಿ.ಮೀ. ಎರಡೂ ಕೂಡುವುದು ಹೋಟಗಿಯಲ್ಲಿ. ಇಂಡಿಯಲ್ಲಿ ಹೇರಿದ ಚೀಲ ಮುಂಬಯಿಗೆ ಹೋಗಬೇಕಾದರೆ ಹೋಟಗಿಯಲ್ಲಿ ಸಣ್ಣ ಡಬ್ಬಿಯಿಂದ ಇಳಿದು ದೊಡ್ಡ ಡಬ್ಬಿಗೆ ಏರಬೇಕು. ಇಳಿಸುವಾಗ ಒಂದು ಕೊಕ್ಕೆಯ ತೂತು, ಏರಿಸುವಾಗ ಇನ್ನೊಂದು. ನೆಲಕ್ಕೆ ಚೆಲ್ಲಿದ ಕಾಳಿಗೆ ಬೇರೆ ವಾರಸುದಾರರು. ದೊಡ್ಡ ಡಬ್ಬಿ ಸಿಗದಿದ್ದರೆ ಮಾಲು ಅಲ್ಲೇ ಬಿತ್ತು. ಅಡತಿ ಅಂಗಡಿಯ ಸಾವುಕಾರರು ಲಾರಿ ಕಡೆ ಹೊರಳಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಹೋಟಗಿಯಲ್ಲಿ ಒಂದು ಕಟ್ಟೆಯ ಎಡಕ್ಕೆ ಮೀಟರ್‌ಗೇಜ್ ಡಬ್ಬಿ, ಬಲಕ್ಕೆ ಬ್ರಾಡ್‌ಗೇಜ್ ಡಬ್ಬಿ ನಿಂತ ಫೋಟೊ ನನ್ನ ಹತ್ತಿರ ಇದೆ. ಪಕ್ಕದಲ್ಲಿ ನಿಂತಾಗ ನಮ್ಮ ಡಬ್ಬಿ ಆಡಿನ ಮರಿಯ ಹಾಗೆ ಕಾಣುತ್ತದೆ. ಈ ದಾರಿ ಯಾಕೆ ಉಳಿಯಲಿಲ್ಲ ಅಂತ ಕೇಳಿದವರಿಗೆ ನಾನು ಮಾತಾಡುವುದಿಲ್ಲ, ಆ ಫೋಟೊ ಕೈಗಿಡುತ್ತೇನೆ.

ಜನರಿಗೆ ಒಂದು ತಪ್ಪು ಎಣಿಕೆ ಇದೆ, ರೈಲು ಮುಚ್ಚುವುದೆಂದರೆ ಒಂದು ತಾರೀಖು ಅಂತ. ಗೂಡ್ಸ್ ಹಾಗೆ ಮುಚ್ಚುವುದಿಲ್ಲ. 1980ರ ದಶಕದ ಆರಂಭದಲ್ಲಿ ರೈಲ್ವೆ ಸರಕು ಸಾಗಿಸುವ ಪದ್ಧತಿಯನ್ನೇ ಬದಲಿಸಿತು. ಅದಕ್ಕೂ ಮುಂಚೆ ಒಬ್ಬ ವ್ಯಾಪಾರಿ ಒಂದೇ ವ್ಯಾಗನ್ ಕೇಳಬಹುದಿತ್ತು, ಹತ್ತು ಚೀಲವನ್ನೂ ಕಳಿಸಬಹುದಿತ್ತು. ದಾರಿಯ ಸ್ಟೇಷನ್ನುಗಳಲ್ಲಿ ನಿಂತು ನಿಂತು ಹೋಗುವ ಗಾಡಿ ಇಲ್ಲಿ ಒಂದು ಡಬ್ಬಿ ಬಿಡುತ್ತಿತ್ತು, ಅಲ್ಲಿ ಎರಡು ಎತ್ತಿಕೊಳ್ಳುತ್ತಿತ್ತು. ಯಾರ್ಡಿನಿಂದ ಯಾರ್ಡಿಗೆ ಕೂಡಿಸಿ ಬಿಡಿಸುವುದರಲ್ಲೇ ಡಬ್ಬಿಗಳ ಆಯುಷ್ಯ ಕಳೆಯುತ್ತಿದೆ ಅಂತ ಲೆಕ್ಕ ಹಾಕಿದ ರೈಲ್ವೆ, ಹೇರಿದರೆ ಪೂರ್ತಿ ಗಾಡಿ ಹೇರಿ, ಒಂದೇ ಕಡೆಯಿಂದ ಒಂದೇ ಕಡೆಗೆ, ಅಂದಿತು. ಲೆಕ್ಕ ಸರಿಯೇ. ಕಲ್ಲಿದ್ದಲು, ಸಿಮೆಂಟು, ಗೊಬ್ಬರಕ್ಕೆ ಅದೇ ಒಳ್ಳೆಯದು. ಆದರೆ ನಮ್ಮ ಕಡೆಯ ಸಣ್ಣ ಅಡತಿಯವನು ಪೂರ್ತಿ ಗಾಡಿ ಎಲ್ಲಿಂದ ತುಂಬಬೇಕು? ನಾಲ್ಕು ಗಾಲಿಯ ಮೀಟರ್‌ಗೇಜ್ ಡಬ್ಬಿಗೆ ಹಿಡಿಯುತ್ತಿದ್ದುದು ಇಪ್ಪತ್ತು ಟನ್ನಿಗಿಂತ ಕಡಿಮೆ. ಇನ್ನೂರು ಚೀಲದ ಒಳಗಿನ ಮಾತು. ಅಷ್ಟು ಅವನ ತಾಕತ್ತಿನಲ್ಲಿತ್ತು. ಅದಕ್ಕಿಂತ ಮೇಲೆ ಇರಲಿಲ್ಲ. ಹೀಗೆ ಹಳಿ ಕೀಳುವುದಕ್ಕೆ ಎಷ್ಟೋ ವರ್ಷ ಮುಂಚೆ ಸಣ್ಣ ಸ್ಟೇಷನ್ನುಗಳ ಗೂಡ್ಸ್ ಶೆಡ್ಡಿಗೆ ಬೀಗ ಬಿತ್ತು. ಯಾರೂ ಹಾರ ಹಾಕಲಿಲ್ಲ, ಯಾರೂ ನನ್ನನ್ನು ಫೋಟೊಕ್ಕೆ ಕರೆಯಲಿಲ್ಲ.

ಆಮೇಲೆ 1992ರಲ್ಲಿ ಯೂನಿಗೇಜ್ ಯೋಜನೆ. ರೈಲ್ವೆ ಮಂತ್ರಿ ಸಿ.ಕೆ. ಜಾಫರ್ ಷರೀಫ್, ನಮ್ಮ ರಾಜ್ಯದವರೇ, ಚಳ್ಳಕೆರೆಯವರು. ದೇಶದ ತುಂಬ ಒಂದೇ ಅಗಲದ ಹಳಿ ಅನ್ನುವುದು ಆ ಯೋಜನೆಯ ತಿರುಳು. ನಮ್ಮ ದಾರಿಯೂ ಪಟ್ಟಿಯಲ್ಲಿ ಸೇರಿತು. ತುಂಡು ತುಂಡಾಗಿ ಕೆಲಸ ನಡೆದು 2000ದ ದಶಕ ಮುಗಿಯುವುದರೊಳಗೆ ಗದಗಿನವರೆಗೂ ದೊಡ್ಡ ಹಳಿಯಾಯಿತು. ನಾನು ಅದಕ್ಕೆ ವಿರುದ್ಧ ಅಂತ ಯಾರೂ ತಿಳಿಯಬಾರದು. ಈಗ ಇಂಡಿ ರೋಡಿನಲ್ಲಿ ಹತ್ತಿ ಮುಂಬಯಿಗೆ, ಬೆಂಗಳೂರಿಗೆ ಗಾಡಿ ಬದಲಿಸದೆ ಹೋಗಬಹುದು. ಹಳೇ ಮೀಟರ್‌ಗೇಜಿನಲ್ಲಿ ಗದಗ ಮುಟ್ಟುವುದರೊಳಗೆ ಕಟ್ಟಿಕೊಂಡ ಬುತ್ತಿ ಎರಡು ಸಲ ಬಿಚ್ಚಬೇಕಾಗುತ್ತಿತ್ತು. ಅದನ್ನು ನೆನೆದು ಕಣ್ಣೀರು ಹಾಕುವವರು ಅದರಲ್ಲಿ ಬೇಸಿಗೆಯಲ್ಲಿ ಕೂತವರಲ್ಲ.

ಇನ್ನು ಫೋಟೊದ ಮಾತಿಗೆ ಬರುತ್ತೇನೆ.

ಮಾಲಿನ ಡಬ್ಬಿಯ ಬಗಲಿಗೆ ಒಂದು ಸಣ್ಣ ಕ್ಲಿಪ್ಪು ಇರುತ್ತಿತ್ತು, ಅದರಲ್ಲಿ ಗೇಣಿಗಿಂತ ಚಿಕ್ಕ ಕಾಗದದ ಲೇಬಲ್ಲು. ಯಾವ ಸ್ಟೇಷನ್ನಿನಿಂದ, ಯಾವುದಕ್ಕೆ, ಯಾವ ದಾರಿಯಾಗಿ, ಡಬ್ಬಿಯ ನಂಬರು, ಒಳಗಿನ ಮಾಲು, ತಾರೀಖು. ನೀರು ತಾಗಿದರೆ ನೇರಳೆಯಾಗುವ ಪೆನ್ಸಿಲ್ಲಿನಲ್ಲಿ ಬರೆದದ್ದು. ಅದರ ಬದಿಗೆ ತಗಡಿನ ಮೇಲೆ ಸೀಮೆಸುಣ್ಣದ ಗೀಟು, ಶಂಟಿಂಗಿನವರ ಗುರುತು. ಬಾಗಿಲ ಕೊಂಡಿಗೆ ದಾರ ಸುತ್ತಿ ಸೀಲು ಒತ್ತಿರುತ್ತಿದ್ದರು. ಇಡೀ ಗೂಡ್ಸ್ ಗಾಡಿಯ ಫೋಟೊಕ್ಕಿಂತ ಈ ಒಂದು ಮಾರು ತಗಡು ಹೆಚ್ಚು ಹೇಳುತ್ತದೆ ಅಂತ ನನಗೆ ಅನಿಸಿತು. ಆದರೆ ಯಾಶಿಕಾ ಮೂರಡಿಗಿಂತ ಹತ್ತಿರದ್ದನ್ನು ಹಿಡಿಯದು. ಅದರಲ್ಲಿ ನೋಡುವ ಲೆನ್ಸು ಮೇಲೆ, ತೆಗೆಯುವ ಲೆನ್ಸು ಕೆಳಗೆ. ಹತ್ತಿರ ಹೋದಷ್ಟೂ ನಾವು ನೋಡಿದ್ದೊಂದು, ಅದು ಹಿಡಿದದ್ದೊಂದು. ಕ್ಲೋಸಪ್ ಲೆನ್ಸ್ ಹಾಕಿ, ನೋಡಿ, ಕ್ಯಾಮೆರಾವನ್ನು ಎರಡು ಬೆರಳಿನಷ್ಟು ಮೇಲೆತ್ತಿ ಗುಂಡಿ ಒತ್ತಬೇಕು. ನಡುಮಧ್ಯಾಹ್ನ ಈ ಕೆಲಸ ಆಗುವುದಿಲ್ಲ. ಸೂರ್ಯ ಪಕ್ಕದಿಂದ ಬೀಳುವಾಗ ತಗಡಿನ ಗುಬ್ಬಿಮೊಳೆಯ ತಲೆಗಳಿಗೆಲ್ಲ ನೆರಳು ಬಂದು, ಸೀಮೆಸುಣ್ಣ ಎದ್ದು ಕಾಣುತ್ತದೆ. ಅಂಥ ಒಂದು ಲೇಬಲ್ಲಿನ ಫೋಟೊದಲ್ಲಿ ಮಳೆಗೆ ಅಕ್ಷರ ಹರಿದು, ಊರಿನ ಹೆಸರು ಅರ್ಧ ಅಳಿಸಿದೆ, ‘ಶೇಂಗಾ’ ಅನ್ನುವ ಮಾಲಿನ ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ.

ನಮ್ಮ ಎರೆ ಭೂಮಿಯಲ್ಲಿ ಲೈಟ್ ಮೀಟರ್ ನಂಬಿದವನು ಕೆಟ್ಟ. ಮೀಟರಿಗೆ ಎದುರಿನದು ಕಪ್ಪೋ ಬಿಳಿಯೋ ತಿಳಿಯದು, ಎಲ್ಲವನ್ನೂ ಬೂದು ಅಂತಲೇ ಲೆಕ್ಕ ಹಿಡಿಯುತ್ತದೆ. ಮುಂಗಾರಿ ಬಿದ್ದು ಹರಗಿದ ಕರಿ ಹೊಲಕ್ಕೆ ಮೀಟರ್ ಹಿಡಿದರೆ ಬೆಳಕು ಸಾಲದು ಅನ್ನುತ್ತದೆ. ಅದರ ಮಾತು ಕೇಳಿದರೆ ಹೊಲ ಬೂದಿಯಂತೆ ಬಂದು, ಮೇಲಿನ ಮುಗಿಲು ಸುಟ್ಟು ಬೆಳ್ಳಗಾಗುತ್ತದೆ. ನಾನು ಅಂಗೈಗೆ ಮೀಟರ್ ಹಿಡಿದು ಅಳೆಯುತ್ತಿದ್ದೆ. ಉಗಿ ಇಂಜಿನ್ನಿನ ಕಾಲ ಮುಗಿಯುತ್ತ ಬಂದಿತ್ತು, ವೈ.ಜಿ., ವೈ.ಪಿ. ಅಂತ ಕರೆಯುತ್ತಿದ್ದ ಇಂಜಿನ್‌ಗಳ ಜಾಗಕ್ಕೆ ವೈ.ಡಿ.ಎಂ.-4 ಡೀಸೆಲ್ ಬಂದಿತ್ತು. ವೈ.ಜಿ.ಯಲ್ಲಿ ‘ಜಿ’ ಅಂದರೆ ಗೂಡ್ಸ್. ಇಂಜಿನ್ ಕಪ್ಪು, ಹೊಗೆ ಕಪ್ಪು, ಮಣ್ಣು ಕಪ್ಪು, ಅದರ ನಡುವೆ ಉಗಿ ಹಾಲಿನಂಥ ಬಿಳಿ. ಹೊಸಬರು ಉಗಿ ಚಂದ ಬರಲಿ ಅಂತ ಇಂಜಿನ್ನನ್ನು ಇದ್ದಿಲು ಮಾಡಿಬಿಡುತ್ತಿದ್ದರು.

ಗೂಡ್ಸ್ ಶೆಡ್ಡಿನ ಒಳಗೆ ಇನ್ನೊಂದು ತೊಂದರೆ. ಒಳಗೆ ಕತ್ತಲೆ, ಬಾಗಿಲಲ್ಲಿ ಬೆಂಕಿಯಂಥ ಬಿಸಿಲು. ಫ್ಲ್ಯಾಶ್ ಹಾಕಿದರೆ ಗಾಳಿಯಲ್ಲಿ ಹಾರುವ ಕಾಳಿನ ಧೂಳಿಯೇ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಸೆಕೆಂಡಿನ ಹದಿನೈದನೇ ಒಂದು ಪಾಲಿಗೆ ಶಟರ್ ಇಟ್ಟು, ಹಮಾಲ ಹಲಗೆಯ ತುದಿಯಲ್ಲಿ ಕಾಲು ಊರುವ ಗಳಿಗೆಗೆ ಕಾಯಬೇಕು. ಭಾರ ಹೊತ್ತವನು ಅಲ್ಲಿ ಒಂದು ಉಸಿರು ನಿಲ್ಲುತ್ತಾನೆ. ನಿಂತೇ ನಿಲ್ಲುತ್ತಾನೆ. ಕಟ್ಟೆಗೂ ಡಬ್ಬಿಗೂ ನಡುವಿನ ಸಂದಿಯ ಮೇಲೆ ಹಲಗೆ ಬಳುಕುತ್ತದಲ್ಲ, ಅದು ತನ್ನ ಜೀಕು ಮುಗಿಸುವವರೆಗೆ ಕಾಲು ಎತ್ತಲಾಗದು. ಇದನ್ನು ನನಗೆ ಯಾವ ಫೋಟೊ ಪುಸ್ತಕವೂ ಹೇಳಿಕೊಡಲಿಲ್ಲ. ಬೆಳಗಿನಿಂದ ಕೂತು ನೋಡಿದರೆ ತಾನಾಗಿ ತಿಳಿಯುತ್ತದೆ.

ಅಲ್ಲಿದ್ದ ಹಿರಿಯ ಹಮಾಲರೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ ಕೇಳಿದರು:

“ಎಂಜಿನ್ ಬರೂದಕ ಇನ್ನೂ ತಾಸಿನ ಮ್ಯಾಲ ಐತ್ರಿ. ಸುಮ್ನ ನಮ್ಮ ಬೆನ್ನಿಂದೇನು ತಗೀತೀರಿ?”

“ನನಗ ಬೆನ್ನ ಬೇಕ್ರಿ ಕಾಕಾ.”

“ಹಂಗಾದ್ರ ತಡೀರಿ, ಅಂಗಿ ಹಾಕ್ಕೊಂಡ್ ಬರ್ತೀನಿ.”

ಹೋದವರು ತಲೆಗೆ ನೀರು ಹಚ್ಚಿ, ಬೈತಲೆ ತೆಗೆದು, ಬಿಳಿ ಅಂಗಿ ತೊಟ್ಟು, ಅದರ ಮೇಲೆ ಗೋಣಿತಟ್ಟು ಹೊದ್ದು ಬಂದರು! ಚೀಲ ಹೊರುವ ಮಾತೇ ಇಲ್ಲ; ಗೋಡೆಗೆ ಬೆನ್ನು ಕೊಟ್ಟು ಎದೆ ಉಬ್ಬಿಸಿ ನಿಂತರು. ಅದನ್ನೂ ತೆಗೆದೆ. ಅವರ ಮನೆಗೆ ಹೋದದ್ದು ಆ ಫೋಟೊ, ನನ್ನಲ್ಲಿ ಉಳಿದದ್ದು ಅದಕ್ಕಿಂತ ಮುಂಚಿನ ಬೆನ್ನು. ಇಂಥ ಕೆಲಸಕ್ಕೆ ಹೋಗುವವರಿಗೆ ನನ್ನದೊಂದು ಕಟ್ಟಪ್ಪಣೆ: ನಿಮಗೆ ಬೇಕಾದ್ದು ಒಂದು ತೆಗೆದರೆ ಅವರಿಗೆ ಬೇಕಾದ್ದು ಒಂದು ತೆಗೆಯಿರಿ, ತೊಳೆದು ತಂದುಕೊಡಿ. ಒಮ್ಮೆ ಫೋಟೊ ಕೈಗೆ ಬಂತೆಂದರೆ ಆಮೇಲೆ ಶೆಡ್ಡಿನ ಯಾವ ಮೂಲೆಗೂ ನಿಮಗೆ ತಡೆಯಿಲ್ಲ. ಗುಮಾಸ್ತ ‘ಲಾಭ’ ಅಂತ ಮೊದಲ ಚೀಲ ಎಣಿಸುವುದರಿಂದ ಹಿಡಿದು ಬಾಗಿಲು ಮುಚ್ಚಿ ಸೀಲು ಬೀಳುವವರೆಗೆ ನಾನು ತೆಗೆದದ್ದು ಹಾಗೆ.

ಸ್ಟೇಷನ್ ಮಾಸ್ತರರ ಕೋಣೆಗೆ ಹೋಗುವುದು ಅಷ್ಟು ಸುಲಭವಲ್ಲ. ರೈಲ್ವೆ ಜಾಗದಲ್ಲಿ ಕೇಳದೆ ಕ್ಯಾಮೆರಾ ಎತ್ತಬಾರದು. ಸೇತುವೆ, ಆಣೆಕಟ್ಟಿನ ಹತ್ತಿರ ಹೋದರಂತೂ ಪೊಲೀಸರಿಗೆ ಉತ್ತರ ಕೊಡಬೇಕು. ಆಲಮಟ್ಟಿಯ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು. ಅದು ಏಳುತ್ತಿದ್ದ ವರ್ಷಗಳಲ್ಲಿ ಆ ಕಡೆ ಕ್ಯಾಮೆರಾ ತಿರುಗಿಸಿದರೆ ಯಾರಾದರೂ ಸೀಟಿ ಊದುತ್ತಿದ್ದರು. ಮಾಸ್ತರರ ಕೋಣೆಯಲ್ಲಿ ನನ್ನ ಕಣ್ಣಿದ್ದದ್ದು ಟೋಕನ್ ಯಂತ್ರದ ಮೇಲೆ. ಒಂಟಿ ಹಳಿಯಲ್ಲಿ ಎದುರುಬದುರು ಗಾಡಿ ಬರಬಾರದಲ್ಲ, ಅದಕ್ಕೆ ಮಾಡಿದ ಏರ್ಪಾಡು. ಎರಡು ಸ್ಟೇಷನ್ನುಗಳ ಯಂತ್ರಗಳಿಗೆ ತಂತಿಯ ಸಂಬಂಧ. ಎರಡೂ ಕಡೆಯ ಮಾಸ್ತರರು ಒಪ್ಪಿದರೆ ಒಂದು ಉಕ್ಕಿನ ಗುಂಡು ಹೊರಬರುತ್ತದೆ. ಅದು ಹೊರಗಿರುವಷ್ಟು ಹೊತ್ತು ಇನ್ನೊಂದು ಬರುವುದಿಲ್ಲ. ಗುಂಡನ್ನು ಚೀಲದಲ್ಲಿ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಾನೆ. ಡ್ರೈವರ್ ಗಾಡಿ ನಿಲ್ಲಿಸದೆ ತೋಳು ತೂರಿಸಿ ಹಾರಿಸಿಕೊಂಡು ಹೋಗುತ್ತಾನೆ. ಗುಂಡು ಕೈಯಲ್ಲಿಲ್ಲದೆ ಮುಂದಿನ ಸ್ಟೇಷನ್ ಕಡೆ ಹೋಗುವಂತಿಲ್ಲ. ರಾತ್ರಿ ಈ ಕೊಡು-ಕೊಳ್ಳು ನಡೆಯುವುದು ಒಂದು ಪಂಜಿನ ಬೆಳಕಿನಲ್ಲಿ. ಹಗಲು ಅದನ್ನು ಹಿಡಿಯಬೇಕಾದರೆ ಗಾಡಿಯ ಓಟಕ್ಕೆ ಸರಿಯಾಗಿ ಕ್ಯಾಮೆರಾವನ್ನೂ ಹೊರಳಿಸಬೇಕು, ಆಗ ಡ್ರೈವರನ ತೋಳು ನಿಚ್ಚಳ, ಹಿಂದಿನ ಬೇವಿನ ಗಿಡಗಳೆಲ್ಲ ಗೀಟು. ಗೂಡ್ಸ್ ಗಾಡಿಯೇ ಇದಕ್ಕೆ ಸರಿ. ಅದಕ್ಕೆ ಅವಸರವಿಲ್ಲ.

ಎಳ್ಳ ಅಮಾಸಿಯ ಒಂದು ಫೋಟೊದ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಎದೆಮಟ್ಟ ಬೆಳೆದ ಬಿಳಿಜೋಳದ ನಡುವೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಿಚ್ಚಿ ಕೂರುತ್ತಾರೆ. ನಿಂಬಾಳದ ಹತ್ತಿರ, ಹಳಿಯಿಂದ ಒಂದು ಕಲ್ಲೆಸೆತದ ಹೊಲ. ಆ ಊರಿನಲ್ಲಿ ಗುರುದೇವ ರಾನಡೆಯವರ ಆಶ್ರಮವಿದೆ. 1957ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ಎಲ್ಲೆಲ್ಲಿಂದಲೋ ಬರುವ ಸಾಧಕರು ಅಷ್ಟು ಸಣ್ಣ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದುದು ಹಾಗೆ. ಊಟದ ನಡುವೆ ಸಿಗ್ನಲ್ ಬಿತ್ತು. ಮುಂದೆ ಪಂಕ್ತಿ, ಹಿಂದೆ ತೆನೆ, ತೆನೆಯ ಮೇಲೆ ಡಬ್ಬಿಗಳ ಸಾಲು. ಇಂಜಿನ್ ಆಗಲೇ ಫ್ರೇಮಿನಿಂದ ಹೊರಗೆ ಹೋಗಿತ್ತು. ಒಬ್ಬ ಹುಡುಗ ಬಿಟ್ಟರೆ ಯಾರೂ ಗಾಡಿಯ ಕಡೆ ತಿರುಗಿ ನೋಡುತ್ತಿಲ್ಲ. ಆ ಹುಡುಗ ಬೆರಳೆತ್ತಿ ಡಬ್ಬಿ ಎಣಿಸುತ್ತಿದ್ದಾನೆ, ಎಡಗೈಯಲ್ಲಿ ಕಡುಬು.

ಇಂಥದ್ದನ್ನೇ ಅಮೆರಿಕದಲ್ಲಿ ಒಬ್ಬಾತ ನನಗಿಂತ ಎಷ್ಟೋ ಮುಂಚೆ ಮಾಡಿದ್ದ ಅಂತ ಆಮೇಲೆ ಮಗ ಫೋನಿನಲ್ಲಿ ತೋರಿಸಿದ. ಓ. ವಿನ್‌ಸ್ಟನ್ ಲಿಂಕ್, ನ್ಯೂಯಾರ್ಕಿನಲ್ಲಿ ಜಾಹೀರಾತು ಫೋಟೊ ತೆಗೆಯುತ್ತಿದ್ದವನು. 1955ರಿಂದ 1960ರವರೆಗೆ ತನ್ನ ಖರ್ಚಿನಲ್ಲಿ ನಾರ್ಫಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕೊನೆಯ ಉಗಿ ಇಂಜಿನ್‌ಗಳ ಹಿಂದೆ ಅಲೆದ. ರಾತ್ರಿಯ ಫೋಟೊಗಳೇ ಅವನ ಹೆಸರು. ಸಾಲುಗಟ್ಟಲೆ ಫ್ಲ್ಯಾಶ್ ಬಲ್ಬುಗಳನ್ನು ತಂತಿಯಲ್ಲಿ ಕಟ್ಟಿ ಒಂದೇ ಸಲ ಹೊತ್ತಿಸುತ್ತಿದ್ದ. ನನಗೆ ಹಿಡಿಸಿದ್ದು ಆ ಥಳುಕಲ್ಲ. ವರ್ಜೀನಿಯಾದ ಅಬಿಂಗ್ಡನ್ ಅನ್ನುವ ಹಳ್ಳಿ ಕವಲು ದಾರಿಯಲ್ಲಿ, ಗ್ರೀನ್ ಕೋವ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ, 1956ರಲ್ಲಿ ಹಗಲು ತೆಗೆದ ಒಂದು ಫೋಟೊ. ಗಾಡಿ ಬರುತ್ತಿದೆ, ಈ ಕಡೆ ಬಂಡಿಗೆ ಕಟ್ಟಿದ ಮಾಡ್ ಅನ್ನುವ ಬಿಳಿ ಕುದುರೆ ತಲೆ ತಗ್ಗಿಸಿ ನಿಂತಿದೆ. ಆ ದಾರಿಯಲ್ಲಿ ಕೊನೆಯ ಗಾಡಿ ಹೋದದ್ದು 1977ರಲ್ಲಿ. ಹಳಿ ಕಿತ್ತ ಜಾಗದಲ್ಲಿ ಈಗ ಜನ ಸೈಕಲ್ ಹೊಡೆಯುತ್ತಾರಂತೆ. ಲಿಂಕ್ ಗಾಡಿಯ ಸಪ್ಪಳವನ್ನೂ ಟೇಪಿನಲ್ಲಿ ಹಿಡಿದಿಟ್ಟ. ಅದು ನನಗೆ ಹೊಟ್ಟೆಕಿಚ್ಚು. ನಮ್ಮ ಹಮಾಲರ ಎಣಿಕೆಯ ರಾಗ ನನ್ನ ಫೋಟೊಗಳಲ್ಲಿ ಇಲ್ಲ.

ತೆಗೆದದ್ದನ್ನು ಇಟ್ಟುಕೊಳ್ಳುವುದು ತೆಗೆಯುವುದಕ್ಕಿಂತ ಕಷ್ಟ. ಕಪ್ಪು-ಬಿಳುಪಿನ ಚಿತ್ರ ಬೆಳ್ಳಿಯದು, ಸರಿಯಾಗಿ ತೊಳೆದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಕಲರ್ ಫಿಲ್ಮಿನದು ಬಣ್ಣ. 1990ರ ದಶಕದ ಲಗ್ನದ ಆಲ್ಬಂ ತೆಗೆದು ನೋಡಿ, ಹಸಿರು ಸೀರೆ ಯಾವ ಬಣ್ಣಕ್ಕೆ ತಿರುಗಿದೆ ಅಂತ. ನಾನು ತೆಗೆಯುತ್ತಿದ್ದಾಗ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’, ಜರ್ಮನಿಯ ಓರ್ವೊ ಸಿಗುತ್ತಿದ್ದವು. ನೆಗೆಟಿವ್‌ಗಳನ್ನು ಬೆಣ್ಣೆಕಾಗದದಲ್ಲಿ ಒಂದೊಂದಾಗಿ ಸುತ್ತಿ, ಗಾಳಿಯಾಡುವ ಕಡೆ ಇಟ್ಟಿದ್ದಕ್ಕೆ ಬೂಸಲು ಹತ್ತಿಲ್ಲ. ಅಗ್ಗದ ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟರೆ ಅಂಟಿಕೊಂಡು ಹೋಗುತ್ತವೆ. ಅದಕ್ಕಿಂತ ಮುಖ್ಯ, ಹಿಂದೆ ಬರೆಯುವುದು. ಸ್ಟೇಷನ್, ತಿಂಗಳು, ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರು, ಯಾವ ಮಾಲು, ಎಲ್ಲಿಗೆ. ಇಂಜಿನ್ ನಂಬರು ಬರೆಯುವ ಹವ್ಯಾಸಿಗಳು ಬಹಳ. ಸರಕಾರಿ ಗೊಬ್ಬರದ ಚೀಲ ಇಳಿಸಲು ಎಷ್ಟು ಮಂದಿ ಇದ್ದರು, ಚೀಲಕ್ಕೆ ಏನು ಕೂಲಿ ಅಂತ ಬರೆದಿಟ್ಟವರು ಕಡಿಮೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ಮ್ಯೂಸಿಯಂ ಶುರುವಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ನ್ಯಾರೋಗೇಜ್ ಇಂಜಿನ್ ನೋಡಬಹುದು. ಅಲ್ಲಿ ನಿಂತಾಗ ಇದನ್ನು ತಳ್ಳಿದ್ದು, ಹೇರಿದ್ದು, ಎಣಿಸಿದ್ದು ಯಾರು ಅಂತ ಮಕ್ಕಳು ಕೇಳಿದರೆ ತೋರಿಸಲು ಫೋಟೊ ಬೇಕು.

ಈ ಕೆಲಸ ಮುಗಿದುಹೋದ ಮಾತಲ್ಲ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ ವಿದ್ಯುತ್ ಸ್ಥಾವರ ಬಂತು. 800 ಮೆಗಾವ್ಯಾಟಿನ ಮೂರು ಘಟಕ. ಅದಕ್ಕೆ ಕಲ್ಲಿದ್ದಲು ಹರಿಯಬೇಕಲ್ಲ, ಹೋಟಗಿಯಿಂದ ಕೂಡಗಿಯವರೆಗಿನ 134 ಕಿ.ಮೀ. ಹಳಿಯನ್ನು ಜೋಡಿ ಮಾಡಲು ಅವರೇ ದುಡ್ಡು ಹಾಕಿದರು; ಮುಂದಿನದು ರೈಲ್ವೆಯದು. ವಿದ್ಯುತ್ ತಂತಿಯೂ ಬಂತು. ಬರಗಾಲದಲ್ಲಿ ಕಾಳು ತರಲು ಹಾಕಿದ ದಾರಿಯ ದೊಡ್ಡ ಗಿರಾಕಿ ಈಗ ಕಲ್ಲಿದ್ದಲು. ಒಂದು ಗಾಡಿಗೆ ಐವತ್ತೆಂಟು-ಐವತ್ತೊಂಬತ್ತು ಡಬ್ಬಿ, ಹತ್ತಿರ ಹತ್ತಿರ ನಾಲ್ಕು ಸಾವಿರ ಟನ್. ನಮ್ಮ ಹಳೇ ಡಬ್ಬಿಯ ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು ಡಬ್ಬಿಯ ಮಾಲು, ಒಬ್ಬ ಹಮಾಲನೂ ಇಲ್ಲದೆ. ಜೋಡಿ ಹಳಿಯ ಕೆಲಸದಲ್ಲಿ ಹಳೇ ಕಟ್ಟಡ, ಹಳೇ ಕಟ್ಟೆ ಒಂದೊಂದಾಗಿ ಹೋಗುತ್ತವೆ. ಸ್ಟೇಷನ್ನಿನ ಹಿಂದೆ ಪಾಳುಬಿದ್ದ ಗೂಡ್ಸ್ ಶೆಡ್ಡು, ಚಕ್ಕಡಿ ಎತ್ತುಗಳಿಗೆ ಕಟ್ಟಿಸಿದ ನೀರಿನ ದೋಣಿ, ಮೀಟರ್‌ಗೇಜಿನ ಹಳಿಯನ್ನೇ ತೊಲೆ ಮಾಡಿ ಮೇಲೆ ಪರ್ಸಿ ಹೊದಿಸಿದ ಮನೆ, ಹಳೇ ಸ್ಲೀಪರ್ ನಿಲ್ಲಿಸಿದ ಹೊಲದ ಬೇಲಿ, ಇಂಥವು ನಿಮ್ಮೂರಲ್ಲಿ ಇದ್ದರೆ ಫೋನಿನಲ್ಲೇ ತೆಗೆಯಿರಿ, ಪರವಾಗಿಲ್ಲ. ಅಳತೆಗೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ. ತೆಗೆದದ್ದನ್ನು ಅಂಗಡಿಗೆ ಕೊಟ್ಟು ಪ್ರಿಂಟ್ ಹಾಕಿಸಿ. ಫೋನು ನೀರಿಗೆ ಬಿದ್ದರೆ ಏನಾಗುತ್ತದೆ ಅಂತ ನನ್ನ ಮಗನಿಗೆ ದಿನವೂ ಗಿರಾಕಿಗಳು ಬಂದು ಹೇಳುತ್ತಾರೆ.

ಹೋದ ಚಳಿಗಾಲ ಇಂಡಿ ರೋಡಿನ ಆಚೆ ಬೆಳಿಗ್ಗೆ ಕೀಮ್ಯಾನ್ ಒಬ್ಬ ಹೆಗಲಿಗೆ ಸುತ್ತಿಗೆ ಹಾಕಿಕೊಂಡು ಹಳಿ ನೋಡುತ್ತ ಬರುತ್ತಿದ್ದ. ಇವನ ಅಜ್ಜನ ಕಾಲದಲ್ಲೂ ಕೀಮ್ಯಾನ್ ಹೀಗೇ ನಡೆಯುತ್ತಿದ್ದ. ಡಿಗ್ರಿ ಮಾಡಿದ ಹುಡುಗ, ಕಿವಿಯಲ್ಲಿ ಇಯರ್‌ಫೋನ್ ಇರಲಿಲ್ಲ, ಅದು ಅವರ ನಿಯಮ. ಫೋಟೊ ತೆಗೆಯಲೇ ಅಂದೆ. “ಡ್ಯೂಟಿ ಮ್ಯಾಲ ಇದ್ದೀನ್ರಿ ಅಜ್ಜಾರ, ನಡಕೋತ ಹೋಗ್ತೀನಿ, ಹಿಂದಿನಿಂದ ತಗೀರಿ,” ಅಂದ. ಬೆನ್ನು ತೋರಿಸುವುದಕ್ಕೆ ತಾನಾಗಿ ಒಪ್ಪಿದ ಮೊದಲನೆಯವನು ಇವನೇ. ಸಂಜೆ ನಂಬರು ಕೊಟ್ಟು ವಾಟ್ಸ್ಯಾಪ್‌ನಲ್ಲಿ ತರಿಸಿಕೊಂಡ. ಹಳಿ ಡೊಂಕಾಗಿ ಬಂದಿದೆ, ಇನ್ನೊಮ್ಮೆ ತೆಗೆಯಬೇಕು ಅಂತ ಉತ್ತರ ಬಂತು.